ಕಲ್ಲುಗಣಿಯ ಪಕ್ಕದ ತರಗತಿ

ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗಳಲ್ಲಿ ಒಂದೇ ಚರ್ಚೆ: ಮುಂದೇನು ಓದಿಸುವುದು? ಆಗ ಹೆತ್ತವರು ಕೇಳುವುದು ಶುಲ್ಕವೆಷ್ಟು, ಕೆಲಸ ಸಿಗುವುದೇ ಎಂಬೆರಡು ಪ್ರಶ್ನೆಗಳನ್ನು. ಅದರಲ್ಲಿ ತಪ್ಪೇನಿಲ್ಲ. ಆದರೆ ತಾನು ಹುಟ್ಟಿದ ಈ ನೆಲ, ನೀರು, ಗಾಳಿಗಳ ನಾಳೆಯ ಕುರಿತು ಯಾವ ಕೋರ್ಸಿನಲ್ಲಿ ಕಲಿಸಲಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿ ತಿಳಿಯಬಯಸಿದರೆ ಆತ ಯಾರನ್ನು ಕೇಳಬೇಕು?

ಈ ಪ್ರಶ್ನೆ ಬೇರೆಲ್ಲಿಗಿಂತಲೂ ಇಲ್ಲಿ ಹೆಚ್ಚು ಪ್ರಸ್ತುತ. ಕಲಬುರಗಿ ಜಿಲ್ಲೆಯ ಈ ಭಾಗದ ಬದುಕು ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಶಹಾಬಾದಿನ ಫರ್ಶಿ ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ನಗರಗಳನ್ನು ಕಟ್ಟಿದೆ. ಈ ಕಲ್ಲನ್ನು ಕುಲುಮೆಯಲ್ಲಿ ಸುಟ್ಟಾಗ ಏನಾಗುತ್ತದೆಂಬುದು ಯಾವುದೇ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಗೊತ್ತಿರುವ ಲೆಕ್ಕ: 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದು ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗೇ ಇದ್ದ ಅನಿಲ. ಉರುವಲನ್ನು ಬದಲಾಯಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ವಿಪರ್ಯಾಸವೆಂದರೆ, ಪರೀಕ್ಷೆಗಾಗಿ ಈ ಸಮೀಕರಣವನ್ನು ಬಾಯಿಪಾಠ ಮಾಡುವ ಹುಡುಗನಿಗೆ ಅದು ತನ್ನೂರಿನ ಚಿಮಣಿಯ ಕಥೆಯೆಂದು ಅನಿಸುವುದೇ ಇಲ್ಲ.

ಹಾಗಂತ ಕಾನೂನಿನ ಕೊರತೆಯಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣದ ಬಗ್ಗೆ ನಿರ್ದೇಶನ ನೀಡಿತ್ತು. 2003ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿತು. ಅದರಂತೆ ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗಾಗಿ ಆರು ತಿಂಗಳ ಕಡ್ಡಾಯ ಪಠ್ಯಕ್ರಮವನ್ನು ರೂಪಿಸಿತು. ಆ ಮೂಲ ಪಠ್ಯಕ್ರಮದ 100 ಅಂಕಗಳಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕೆ ಮೀಸಲು. ಹತ್ತಿರದ ಯಾವುದಾದರೂ ಮಲಿನಗೊಂಡ ಸ್ಥಳಕ್ಕೆ ಭೇಟಿ ನೀಡಿ ದಾಖಲಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. ವಾಡಿಯ ವಿದ್ಯಾರ್ಥಿಗೆ ಅದಕ್ಕಾಗಿ ಬಸ್ಸು ಹತ್ತಬೇಕಾಗಿಲ್ಲ. ತರಗತಿಯ ಕಿಟಕಿ ತೆರೆದರೆ ಸಾಕು, ಬೆಂಚಿನ ಮೇಲೆ ಧೂಳು ಕೂರುತ್ತದೆ. ಆದರೆ ಈ ಭೇಟಿ ನಿಜವಾಗಿ ನಡೆದದ್ದೆಷ್ಟು, ಗೈಡ್ ನೋಡಿ ಬರೆದದ್ದೆಷ್ಟು ಎಂಬುದನ್ನು ಅಧ್ಯಾಪಕರು ತಮ್ಮ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಲಿ.

ಆದುದರಿಂದ ಸುಸ್ಥಿರತೆಯನ್ನು ಕಲಿಸುವ ಕೋರ್ಸುಗಳನ್ನು ಗುರುತಿಸುವ ಕೆಲಸ ಹೆಸರಿನಿಂದ ಆರಂಭವಾಗಬಾರದು. ಹೆಸರುಗಳನ್ನು ನಂಬುವಂತೆಯೂ ಇಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಅಮೆರಿಕದ ಕ್ಯಾಂಪಸ್‌ಗಳಲ್ಲಿ 2010ರಿಂದ ಬಳಕೆಯಲ್ಲಿರುವ ‘ಸ್ಟಾರ್ಸ್’ ಎಂಬ ಮೌಲ್ಯಮಾಪನ ಪದ್ಧತಿಯು ಸುಸ್ಥಿರತೆಯೇ ಮುಖ್ಯ ವಸ್ತುವಾಗಿರುವ ಕೋರ್ಸುಗಳನ್ನೂ, ಬೇರೆ ವಿಷಯದೊಳಗೆ ಅದನ್ನು ಸೇರಿಸಿಕೊಂಡ ಕೋರ್ಸುಗಳನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ಅಲ್ಲಿ ವಿಶ್ವವಿದ್ಯಾಲಯಗಳು ತಮ್ಮ ವರದಿಯನ್ನು ತಾವೇ ಬರೆಯುತ್ತವೆಂಬುದು ಅದರ ದೌರ್ಬಲ್ಯ. ಆದರೂ ಆ ವಿಂಗಡಣೆ ಉಪಯುಕ್ತ. ನಮ್ಮಲ್ಲಿ ಹುಡುಕಬೇಕಾದದ್ದು ಎರಡನೆಯ ಗುಂಪಿನಲ್ಲೇ.

ಅರ್ಥಶಾಸ್ತ್ರವನ್ನೇ ತೆಗೆದುಕೊಳ್ಳಿ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿಹೋಯಿತು. ಒಂದೇ ಚಿಮಣಿಯನ್ನು ನಂಬಿದ ಪಟ್ಟಣ ಆಮೇಲೆ ಹೇಗೆ ಬದುಕುತ್ತದೆಂಬ ಅಧ್ಯಯನಕ್ಕೆ ಅದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ? ಚಿಂಚೋಳಿಯಲ್ಲಿ 2011ರಿಂದ ವನ್ಯಜೀವಿಧಾಮವಿದೆ, ಅದರೊಳಗೆ ತಾಂಡಾಗಳೂ ಇವೆ. ಕಾಡು ಉಳಿಯಬೇಕು, ಜನರೂ ಉಳಿಯಬೇಕು ಎಂಬ ಕಠಿಣ ಪ್ರಶ್ನೆ ಸಮಾಜಶಾಸ್ತ್ರದ್ದು. ಕೃಷಿ ವಿದ್ಯಾರ್ಥಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ ಇದೆ. ಕಾನೂನು ವಿದ್ಯಾರ್ಥಿಯಂತೂ 2015ರ ಗಣಿ ಕಾಯ್ದೆ ತಿದ್ದುಪಡಿಯನ್ನು ಓದಲೇಬೇಕು. 2015ಕ್ಕೆ ಮುಂಚಿನ ಗುತ್ತಿಗೆಗಳಾದರೆ ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದ ಗುತ್ತಿಗೆಗಳಾದರೆ ಶೇ. 10ರಷ್ಟು ಮೊತ್ತವು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಬೇಕು, ಅದು ಗಣಿಬಾಧಿತರ ಹಕ್ಕಿನ ಹಣ.

ಇದು ಬರೇ ಅಂಕಪಟ್ಟಿಯ ಪ್ರಶ್ನೆಯಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಗಣಿ, ಸಿಮೆಂಟ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಲಭ್ಯವಿರಬೇಕು. ಆದರೆ ಸಾರಾಂಶವನ್ನು ಓದಿ, ಅಂತರ್ಜಲದ ಕೋಷ್ಟಕದತ್ತ ಬೆರಳು ತೋರಿಸಿ, ‘ಈ ಅಳತೆ ಯಾವ ತಿಂಗಳಲ್ಲಿ ಮಾಡಿದ್ದು?’ ಎಂದು ಕೇಳುವವರು ಯಾರು? ಶಾಮಿಯಾನದಡಿ ಕೂತ ರೈತನಿಗೆ ಬಾವಿ ಬತ್ತಿದ್ದು ಗೊತ್ತು, ಅದನ್ನು ಅಂಕಿಗಳಲ್ಲಿ ಹೇಳುವುದು ಗೊತ್ತಿಲ್ಲ. ಅದನ್ನು ಹೇಳಬೇಕಾದವನು ಪದವಿ ಪಡೆದ ಆತನ ಮಗ ಅಥವಾ ಮಗಳು. ಅವರಿಗೂ ಬಾರದಿದ್ದರೆ ಸಭೆ ಚಹಾ ಕುಡಿದು ಮುಗಿಯುತ್ತದೆ.

1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯ, 2009ರಲ್ಲಿ ಬಂದ ಕೇಂದ್ರೀಯ ವಿಶ್ವವಿದ್ಯಾಲಯ, 2018ರ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕಾಲೇಜು ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಪ್ರತಿಯೊಂದು ಪಠ್ಯಕ್ರಮ ಸಮಿತಿಯೂ ತನ್ನ ಪತ್ರಿಕೆಗಳನ್ನು ಘಟಕವಾರು ಓದಿ, ಎಲ್ಲಿ ಎಷ್ಟು ಗಂಟೆ ಈ ವಿಷಯ ಬರುತ್ತದೆ, ಕ್ಷೇತ್ರಕಾರ್ಯ ಇದೆಯೇ ಎಂದು ಗುರುತಿಸಿದರೆ ಒಂದು ಬೇಸಗೆ ರಜೆಯೊಳಗೆ ಪಟ್ಟಿ ಸಿದ್ಧವಾದೀತು. ಅದು ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಮುಂದಿನ ಪ್ರವೇಶಾತಿಗೆ ಮುನ್ನ ಈ ಐದು ಊರುಗಳ ಪಿಯು ಕಾಲೇಜುಗಳ ಫಲಕಗಳಲ್ಲಿ, ಶುಲ್ಕದ ಪಟ್ಟಿಯ ಪಕ್ಕದಲ್ಲೇ ಅಂಟಲಿ.