ಕೆರೆಯ ಹಕ್ಕಿಯನ್ನು ಮೊಬೈಲ್ ಆಪ್‌ನಲ್ಲಿ ಬರೆದರೆ ಏನಾಗುತ್ತದೆ? ಲೊಕೇಷನ್ ಶೇರ್ ಮಾಡುವ ಮೊದಲು ಇದನ್ನು ಓದಿ

"ನಮ್ಮ ಕೆರೆಗೆ ಸೈಬೀರಿಯಾದಿಂದ ಬಂದ ವಿದೇಶಿ ಅತಿಥಿಗಳು! ತಪ್ಪದೇ ನೋಡಿ, ಎಲ್ಲರಿಗೂ ಶೇರ್ ಮಾಡಿ." ಇದರ ಜೊತೆಗೆ ಜಾಲಿಮರದ ತುಂಬ ಕೂತಿರುವ ದೊಡ್ಡ ಕೊಕ್ಕರೆಗಳ ಫೋಟೊ, ಕೆಳಗೊಂದು ಮ್ಯಾಪ್ ಲಿಂಕ್. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು, ನೀವೂ ಮುಂದಕ್ಕೆ ಕಳಿಸಿರಬಹುದು. ಸಂದೇಶದಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ಅದರಲ್ಲಿ ಒಂದು ತಪ್ಪು ಮಾಹಿತಿ ಇದೆ, ಒಂದು ಅಪಾಯವೂ ಇದೆ. ಅದೇ ಫೋಟೊ ತೆಗೆದವರು ಇನ್ನೊಂದು ಕೆಲಸ ಮಾಡಿದ್ದರೆ ಕೆರೆಗೆ ನಿಜವಾದ ಲಾಭ ಆಗುತ್ತಿತ್ತು. ಮೂರನ್ನೂ ಒಂದೊಂದಾಗಿ ನೋಡೋಣ.

ಅವು ಸೈಬೀರಿಯಾದಿಂದ ಬಂದವೇ?

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರ ಎಂಬ ಊರಿದೆ. ಅಲ್ಲಿನ ಕೆರೆ ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ್ದು. ಸುಮಾರು 244 ಎಕರೆ ವಿಸ್ತಾರದ ಈ ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ಅಂಕಸಮುದ್ರವೂ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಇಲ್ಲಿನ ಮುಖ್ಯ ಹಕ್ಕಿಗಳಲ್ಲಿ ಎರಡು, ಬಣ್ಣದ ಕೊಕ್ಕರೆ ಮತ್ತು ಕಪ್ಪು ತಲೆಯ ಬಿಳಿ ಕೆಂಬರಲು. ಎರಡೂ ನಮ್ಮ ದೇಶದ ಹಕ್ಕಿಗಳೇ. ನೀರು, ಮೀನು ಇರುವ ಕಡೆ ಹುಡುಕಿಕೊಂಡು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತವೆ. ಸೈಬೀರಿಯಾಕ್ಕೆ ಹೋಗುವುದಿಲ್ಲ, ಅಲ್ಲಿಂದ ಬರುವುದೂ ಇಲ್ಲ.

ನೆನಪಿಡಲು ಒಂದು ಸುಲಭ ಸೂತ್ರ ಇದೆ. ಉತ್ತರದ ದೂರದ ದೇಶಗಳಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಗೂಡು ಕಟ್ಟುವುದಿಲ್ಲ. ಅವು ಮೊಟ್ಟೆ ಇಡುವುದು ತಮ್ಮ ತವರಿನಲ್ಲೇ, ಇಲ್ಲಿಗೆ ಬರುವುದು ಹೊಟ್ಟೆಪಾಡಿಗೆ. ಹಾಗಾಗಿ ಕೆರೆಯ ಮರದ ಮೇಲೆ ಗೂಡು, ಮರಿ ಕಂಡರೆ ಅದು ನಮ್ಮದೇ ಹಕ್ಕಿ ಎಂದುಕೊಳ್ಳಿ. ನಿಜವಾದ ದೂರದ ಅತಿಥಿಗಳೂ ಈ ಕಡೆ ಬರುತ್ತವೆ. ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ. ಜೋಳದ ಹೊಲಗಳಿಗೆ ಹಿಂಡುಗಟ್ಟಿ ಇಳಿಯುವ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾ ಕಡೆಯದು.

"ವಿದೇಶಿ" ಎಂದು ಬರೆದರೆ ಏನು ನಷ್ಟ ಎಂದು ಕೇಳಬಹುದು. ಅತಿಥಿ ಎಂದರೆ ನಾಲ್ಕು ದಿನ ಇದ್ದು ಹೋಗುವವರು. ಆದರೆ ಗೂಡು ಕಟ್ಟುವ ಹಕ್ಕಿಗೆ ಈ ಕೆರೆಯೇ ಮನೆ. ಕೆರೆಯಲ್ಲಿ ನೀರು ಬತ್ತಿದರೆ, ಮರ ಕಡಿದರೆ, ಮರಿಗಳಿಗೆ ಬೇರೆ ಗತಿ ಇಲ್ಲ.

ಎಣಿಕೆಗೆ ಯಾಕೆ ಇಷ್ಟು ಬೆಲೆ?

ರಾಮ್ಸರ್ ಪಟ್ಟಿಗೆ ಸೇರಲು "ನಮ್ಮ ಕೆರೆ ಬಹಳ ಸುಂದರ" ಎಂದರೆ ಸಾಲದು, ಲೆಕ್ಕ ಕೊಡಬೇಕು. ಆ ಒಪ್ಪಂದದ ಮಾನದಂಡಗಳಲ್ಲಿ ಒಂದು, ನಿಯಮಿತವಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ನೀರುಹಕ್ಕಿಗಳು ಇರಬೇಕು ಎನ್ನುತ್ತದೆ. ಇನ್ನೊಂದು, ಯಾವುದಾದರೂ ಒಂದು ಜಾತಿಯ ಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟಾದರೂ ಅಲ್ಲಿ ಇರಬೇಕು ಎನ್ನುತ್ತದೆ. ಅಂಕಸಮುದ್ರ ಪಟ್ಟಿಗೆ ಸೇರಿದಾಗ ಪ್ರಕಟವಾದ ವಿವರದಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು, ಸುಮಾರು 240 ಜಾತಿಯ ಹಕ್ಕಿಗಳು ಎಂದಿತ್ತು. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು ಎರಡೂ ಶೇ. 1ರ ಗಡಿ ದಾಟಿದ್ದವು.

ಯಾರೋ ಕೂತು ಎಣಿಸದಿದ್ದರೆ ಈ ಅಂಕಿಗಳು ಸಿಗುತ್ತಿರಲಿಲ್ಲ. ಎಣಿಕೆ ಇಲ್ಲದ ಕೆರೆ ಕಾಗದದ ಮೇಲೆ ಬರೀ ನೀರು, ಹೂಳು, ಜಾಲಿ. ಮೊಬೈಲ್ ಆಪ್‌ಗಳು ಉಪಯೋಗಕ್ಕೆ ಬರುವುದು ಇಲ್ಲೇ.

ಈ ಆಪ್‌ಗಳು ಹೇಗೆ ಕೆಲಸ ಮಾಡುತ್ತವೆ?

ಹಕ್ಕಿ ದಾಖಲಿಸಲು ಹೆಚ್ಚು ಬಳಕೆಯಲ್ಲಿರುವುದು ಇಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಸೇರಿ 2002ರಲ್ಲಿ ಶುರು ಮಾಡಿದ್ದು, ಬಳಕೆಗೆ ಹಣ ಕೊಡಬೇಕಿಲ್ಲ. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಎಂಬ ಒಕ್ಕೂಟ ಇದರ ಬಳಕೆಯನ್ನು ಹರಡುತ್ತಿದೆ.

ಬಳಸುವುದು ಸರಳ. ಕೆರೆಯ ಏರಿ ಮೇಲೆ ನಿಂತು ಆಪ್ ಶುರು ಮಾಡಿದರೆ ಅದು ಜಾಗ ಮತ್ತು ಸಮಯವನ್ನು ತಾನೇ ಬರೆದುಕೊಳ್ಳುತ್ತದೆ. ನೀವು ಕಂಡ ಹಕ್ಕಿ, ಅದರ ಸಂಖ್ಯೆ ಹಾಕುತ್ತಾ ಹೋಗಬೇಕು. ಕೊನೆಯಲ್ಲಿ ಅದು ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಎಲ್ಲಕ್ಕಿಂತ ಮುಖ್ಯವಾದದ್ದು ಈ ಪ್ರಶ್ನೆಯೇ. ನೀವು "ಹೌದು" ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ನಿಮಗೆ ಕಾಣಲಿಲ್ಲ ಎಂಬುದೂ ದಾಖಲಾಗುತ್ತದೆ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಗುಬ್ಬಿ ಇದೆ, ಹತ್ತು ವರ್ಷದ ಹಿಂದೆ ಎಷ್ಟರಲ್ಲಿ ಇತ್ತು ಎಂದು ಹೋಲಿಸಲು ಆಗುವುದು ಇದರಿಂದಲೇ. ಆದ್ದರಿಂದ "ಕಾಗೆ, ಗೊರವಂಕ ಯಾಕೆ ಬರೆಯಬೇಕು, ಅಪರೂಪದ್ದು ಕಂಡರೆ ಬರೆದರಾಯಿತು" ಎನ್ನುವುದು ತಪ್ಪು. ಅಪರೂಪದ ಹಕ್ಕಿಗಳನ್ನು ಮಾತ್ರ ಬರೆದ ಪಟ್ಟಿಯಿಂದ ಏರಿಕೆ ಇಳಿಕೆ ತಿಳಿಯುವುದಿಲ್ಲ.

ಸುಳ್ಳು ಬರೆದರೆ? ಪ್ರತಿ ಪ್ರದೇಶಕ್ಕೂ, ತಿಂಗಳಿಗೂ ಯಾವ ಹಕ್ಕಿ ಎಷ್ಟು ಕಾಣಬಹುದು ಎಂಬ ಮಿತಿಯನ್ನು ಆಪ್‌ನಲ್ಲಿ ಹಾಕಿರುತ್ತಾರೆ. ಅದನ್ನು ಮೀರಿದರೆ ವಿವರ ಕೇಳುತ್ತದೆ. ಆಮೇಲೆ ಸ್ವಯಂಸೇವಕ ಪರಿಶೀಲಕರು ನೋಡಿ, ಬೇಕಾದರೆ ಫೋಟೊ ಕೇಳುತ್ತಾರೆ. ವಾಟ್ಸಾಪ್ ಸಂದೇಶಕ್ಕೆ ಇಂಥ ಸೋಸುವ ಜರಡಿ ಇಲ್ಲ.

ಮರ್ಲಿನ್ ಎಂಬ ಇನ್ನೊಂದು ಆಪ್ ಹಕ್ಕಿಯ ಫೋಟೊ ಅಥವಾ ಕೂಗಿನಿಂದ ಹೆಸರು ಊಹಿಸುತ್ತದೆ. ಅದು ಕೂಗನ್ನು ಚಿತ್ರವಾಗಿ ಮಾರ್ಪಡಿಸಿ, ತಾನು ಮೊದಲೇ ಕಲಿತ ಚಿತ್ರಗಳ ಜೊತೆ ಹೋಲಿಸುತ್ತದೆ. ಇದು ಊಹೆ, ತೀರ್ಪಲ್ಲ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸಿದರೆ ಮರ್ಲಿನ್ ಮೋಸ ಹೋಗಬಹುದು. ಗಾಳಿ, ಗಾಡಿಗಳ ಸದ್ದೂ ಅದನ್ನು ದಾರಿ ತಪ್ಪಿಸಬಹುದು. "ಆಪ್ ಹೇಳಿತು" ಎಂಬ ಒಂದೇ ಕಾರಣಕ್ಕೆ ಹೆಸರು ಬರೆಯಬೇಡಿ. ಕಣ್ಣಿಂದ ನೋಡಿ ಖಚಿತವಾದರೆ ಬರೆಯಿರಿ.

ಗುಬ್ಬಿ ಮತ್ತು ಮೊಬೈಲ್ ಟವರ್

ಇಂಥ ದಾಖಲೆಯಿಂದ ಏನು ಸಿಕ್ಕಿತು? "ಮೊಬೈಲ್ ಟವರ್‌ನಿಂದ ಗುಬ್ಬಚ್ಚಿಗಳು ನಾಶವಾದವು" ಎಂಬ ಫಾರ್ವರ್ಡ್ ನೋಡದವರು ಕಡಿಮೆ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಸಾವಿರಾರು ಹವ್ಯಾಸಿಗಳು ಇಬರ್ಡ್‌ಗೆ ಹಾಕಿದ ಒಂದು ಕೋಟಿಗೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿತು. ದೇಶದ ಮಟ್ಟದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ ಎಂದು ಅದು ಹೇಳಿತು. ಟವರ್ ವಿಕಿರಣವೇ ಕಾರಣ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಕೊಟ್ಟೂರಿನ ಕಿರಾಣಿ ಅಂಗಡಿ ಮುಂದೆ ಗುಬ್ಬಿ ಕಾಳು ಹೆಕ್ಕುತ್ತಿದ್ದರೂ ನಗರದ ಫಾರ್ವರ್ಡ್ ನಂಬಿ ನಾವು ಮರುಗುತ್ತಿರಬಹುದು.

ಇದೇ ಲೆಕ್ಕ ಇನ್ನೊಂದು ಕಡೆ ಎಚ್ಚರಿಕೆಯನ್ನೂ ಕೊಟ್ಟಿತು. 2023ರ ವರದಿ 942 ಜಾತಿಯ ಹಕ್ಕಿಗಳನ್ನು ನೋಡಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿತು. ಇಳಿಮುಖದಲ್ಲಿರುವ ಹಕ್ಕಿಗಳಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಸೇರಿದೆ. ಹೊಲದ ಬದುವಿನ ತಂತಿ ಮೇಲೆ ಕೂತು, ಹಾರಿದಾಗ ನೀಲಿ ರೆಕ್ಕೆ ಬಿಚ್ಚುವ ಈ ಹಕ್ಕಿ "ಎಲ್ಲೆಲ್ಲೂ ಇದೆ" ಎಂದೇ ನಾವು ತಿಳಿದಿದ್ದೆವು. ಜಾಗತಿಕ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ವರದಿ ಶಿಫಾರಸು ಮಾಡಿತು. ಗುಬ್ಬಿಗಾಗಿ ಅಳುತ್ತಿದ್ದಾಗ ನೀಲಕಂಠ ಕಡಿಮೆಯಾಗುತ್ತಿದ್ದದ್ದು ನಮ್ಮ ಗಮನಕ್ಕೇ ಬರಲಿಲ್ಲ.

ಖಾಲಿ ನಕ್ಷೆ ಎಂದರೆ ಹಕ್ಕಿ ಇಲ್ಲ ಎಂದಲ್ಲ

ಈ ಲೆಕ್ಕಕ್ಕೂ ಒಂದು ಕೊರತೆ ಇದೆ. ಜನ ಎಲ್ಲಿ ಹೋಗುತ್ತಾರೋ ಅಲ್ಲಿನ ದಾಖಲೆ ಮಾತ್ರ ಸಿಗುತ್ತದೆ. ದೊಡ್ಡ ನಗರಗಳಿಂದ, ಹೆಸರಾದ ಪ್ರವಾಸಿ ತಾಣಗಳಿಂದ ಪಟ್ಟಿಗಳು ಹೆಚ್ಚು ಬರುತ್ತವೆ. ಹಂಪಿಗೆ ಬಂದವರು ಚಳಿಗಾಲದ ಎರಡು ದಿನ ಬರೆದು ಹೋಗುತ್ತಾರೆ. ಕೂಡ್ಲಿಗಿಯ ಕುರುಚಲು ಗುಡ್ಡ, ಹರಪನಹಳ್ಳಿಯ ಸಣ್ಣ ಕೆರೆ, ಮಾಲವಿ ಜಲಾಶಯ, ಹಡಗಲಿ ಕಡೆಯ ತುಂಗಭದ್ರಾ ಹಿನ್ನೀರು – ಇಲ್ಲಿ ಮೇ ತಿಂಗಳ ಬಿಸಿಲಲ್ಲಿ ಏನಿದೆ ಎಂದು ಬರೆಯಬಲ್ಲವರು ಅಲ್ಲೇ ಇರುವವರು. ಹೊಲಕ್ಕೆ ಹೋಗುವವರು, ಶಾಲಾ ಮಕ್ಕಳು, ಮೇಷ್ಟ್ರು.

ಇನ್ನೊಂದು ಲಾಭವೂ ಇದೆ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. "ಬಳ್ಳಾರಿ ಜಿಲ್ಲೆಯಲ್ಲಿ ಕಂಡದ್ದು" ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದೆ ಯಾವ ಜಾಗ ಎಂದು ಹುಡುಕುವುದು ಕಷ್ಟ. ಅಕ್ಷಾಂಶ ರೇಖಾಂಶದ ಸಮೇತ ಬರೆದ ದಾಖಲೆ ಜಿಲ್ಲೆ ಬದಲಾದರೂ ಕಳೆದುಹೋಗುವುದಿಲ್ಲ.

ಹಾಗಾದರೆ ಲೊಕೇಷನ್ ಶೇರ್ ಮಾಡುವುದು ತಪ್ಪೇ?

ಅಂಕಸಮುದ್ರದಂಥ ಎಲ್ಲರಿಗೂ ಗೊತ್ತಿರುವ ಕೆರೆಯ ಹೆಸರು ಹೇಳುವುದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಗೂಡಿನ ನಿಖರ ಜಾಗ ಹೇಳುವುದರಲ್ಲಿ. ಪ್ರವಾಸಿ ಆಪ್‌ಗಳಲ್ಲಿ, ರೀಲ್ಸ್‌ನಲ್ಲಿ ಪಿನ್ ಹಾಕಿದ ಜಾಗಕ್ಕೆ ಜನ ಒಮ್ಮೆಲೇ ಬರಬಹುದು. ಗೂಡಿನ ಹತ್ತಿರ ಗದ್ದಲವಾದರೆ ತಾಯಿಹಕ್ಕಿ ಎದ್ದು ಹೋಗುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆ ಬಿಸಿಲಿಗೆ ಬೇಯಬಹುದು, ಮರಿ ಕಾಗೆಯ ಪಾಲಾಗಬಹುದು. ಗೂಬೆ, ಗಿಳಿ, ಮುನಿಯಗಳನ್ನು ಹಿಡಿದು ಮಾರುವವರಿಗೂ ಅದೇ ಪಿನ್ ದಾರಿ ತೋರಿಸುತ್ತದೆ. ಗುಡೇಕೋಟೆ ಕಡೆಯ ಗುಡ್ಡಗಳಲ್ಲಿ ಕರಡಿ ಕಂಡ ಜಾಗವನ್ನು ಹರಡುವುದು ಕರಡಿಗೂ ಅಪಾಯ, ನೋಡಲು ಹೋದವರಿಗೂ ಅಪಾಯ.

ದಾಖಲೆಯ ಆಪ್‌ಗಳು ಇದನ್ನು ಯೋಚಿಸಿವೆ. ಬೇಟೆ, ಸೆರೆಯ ಅಪಾಯ ಇರುವ ಜಾತಿಗಳ ನಿಖರ ಜಾಗವನ್ನು ಇಬರ್ಡ್ ಸಾರ್ವಜನಿಕರಿಗೆ ತೋರಿಸುವುದಿಲ್ಲ. ಐನ್ಯಾಚುರಲಿಸ್ಟ್ ಕೂಡ ಅಳಿವಿನಂಚಿನ ಜೀವಿಗಳ ಜಾಗವನ್ನು ಮಸುಕು ಮಾಡುತ್ತದೆ. ಇಬರ್ಡ್‌ನಲ್ಲಿ ನಿಮ್ಮ ಪಟ್ಟಿಯನ್ನೇ ಸಾರ್ವಜನಿಕರಿಂದ ಮರೆಮಾಡಬಹುದು. ಮನೆಯ ಹಿತ್ತಲಿನ ಪಟ್ಟಿ ಹಾಕುವವರು ಜಾಗಕ್ಕೆ ತಮ್ಮ ಹೆಸರು, ಮನೆ ನಂಬರ್ ಕೊಡದೆ ಊರಿನ ಹೆಸರಷ್ಟೇ ಕೊಡುವುದು ಒಳ್ಳೆಯದು.

"ಪಟ್ಟಿ ಹಾಕಿದರೆ ಜಮೀನು ಹೋಗುತ್ತದೆ" ನಿಜವೇ?

ಇದು ರೈತರಲ್ಲಿ ಹುಟ್ಟುವ ಸಹಜ ಭಯ. ಆಪ್‌ನಲ್ಲಿ ಹಕ್ಕಿ ಬರೆದ ಮಾತ್ರಕ್ಕೆ ಯಾವ ಜಾಗವೂ ಮೀಸಲು ಪ್ರದೇಶ ಆಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲು ಎಂದು ಘೋಷಿಸಲು ಆಗುವುದು ಸರ್ಕಾರದ ಒಡೆತನದ ಜಾಗವನ್ನು. ಅದಕ್ಕೂ ಮೊದಲು ಸ್ಥಳೀಯ ಜನರ ಜೊತೆ ಸಮಾಲೋಚನೆ ನಡೆಸಬೇಕು. ರಾಮ್ಸರ್ ಒಪ್ಪಂದ ಒತ್ತಿ ಹೇಳುವುದೂ ಜೌಗು ಪ್ರದೇಶದ ವಿವೇಕದ ಬಳಕೆಯನ್ನು, ಜನರನ್ನು ಹೊರಗಿಡುವುದನ್ನಲ್ಲ.

ಫಾರ್ವರ್ಡ್ ಮಾಡುವ ಮೊದಲು

ಮುಂದಿನ ಸಲ ಹಕ್ಕಿಯ ಫೋಟೊ ಬಂದಾಗ ಇಷ್ಟು ನೋಡಿ. ಗೂಡು ಕಾಣುತ್ತಿದೆಯೇ? ಹಾಗಿದ್ದರೆ "ವಿದೇಶಿ" ಎಂಬುದು ಅನುಮಾನ. ಗೂಡಿನ ಮ್ಯಾಪ್ ಲಿಂಕ್ ಇದೆಯೇ? ಅಳಿಸಿ ಕಳಿಸಿ. ಯಾವ ಊರು, ಯಾವ ದಿನ ಎಂದು ಇದೆಯೇ? ಇಲ್ಲದಿದ್ದರೆ ಅದು ಬರೀ ಚಿತ್ರ.

ನಿಮ್ಮದೇ ಕೆರೆಯಾದರೆ, ಕಳಿಸಿದವರಿಗೆ ಒಂದು ಮಾತು ಹೇಳಿ: ಏರಿ ಮೇಲೆ ಹದಿನೈದು ನಿಮಿಷ ನಿಂತು ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಿ ಬರೆಯಿರಿ, ಕಾಗೆಯನ್ನೂ ಬಿಡಬೇಡಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲೂ ಕೇಳುವುದು ಅಷ್ಟೇ. ಫಾರ್ವರ್ಡ್ ಸಂಜೆಯೊಳಗೆ ಮರೆತುಹೋಗುತ್ತದೆ. ಆ ಪಟ್ಟಿ ಉಳಿಯುತ್ತದೆ. ನಾಳೆ ಯಾರಾದರೂ "ಈ ಕೆರೆಯಲ್ಲಿ ಏನಿದೆ?" ಎಂದು ಕೇಳಿದರೆ ತೋರಿಸಲು ಒಂದು ಲೆಕ್ಕ ಇರುತ್ತದೆ.