ರೇಡಿಯೋ ಬಗ್ಗೆ ಕೇಳೋದಿದ್ರೆ ರೇಡಿಯೋದಲ್ಲೇ ಕೇಳಿ

ಖಾಸಗಿ ಎಫ್‌ಎಂನವರಿಗೆ ಡಿಜಿಟಲ್ ರೇಡಿಯೋ ಕೊಡುವ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, 2024ರ ಸೆಪ್ಟೆಂಬರ್ 30ರಂದು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹೇಗೆ? ವೆಬ್‌ಸೈಟಿನಲ್ಲಿ ಇಂಗ್ಲಿಷ್ ಪತ್ರ ಹಾಕಿ. ಕೊಟ್ಟಿಗೆಯಲ್ಲಿ ಹಾಲು ಕರೀತಾ ರೇಡಿಯೋ ಕೇಳೋರು ಅದನ್ನ ಓದ್ತಾರಾ?

ಡಿಜಿಟಲ್ ಬೇಡ ಅಂತಿಲ್ಲ. ಒಂದೇ ತರಂಗಾಂತರದಲ್ಲಿ ಮೂರು-ನಾಲ್ಕು ಚಾನೆಲ್ ಬರುತ್ತೆ, ಒಳ್ಳೇದೇ. ಆದ್ರೆ ನಮ್ಮ ಹಳೇ ಎಫ್‌ಎಂ ಸೆಟ್ಟು ಅದನ್ನ ಹಿಡಿಯಲ್ಲ. ಹೊಸ ಸೆಟ್ಟಿನ ದುಡ್ಡು ಯಾರ ಜೇಬಿಂದ? ಹೆಚ್ಚಾಗೋ ಚಾನೆಲ್‌ಗಳಲ್ಲಿ ಮಳೆ, ಬೆಳೆರೋಗ, ಮಾರುಕಟ್ಟೆ ದರಕ್ಕೆ ಒಂದಾದ್ರೂ ಇರುತ್ತಾ, ಇಲ್ಲಾ ಎಲ್ಲಾ ಸಿನಿಮಾ ಹಾಡೇನಾ?

ಟ್ರಾಯ್ ಶಿಫಾರಸಿನಲ್ಲಿ ಮೊದಲು ಬೆಂಗಳೂರು ಸೇರಿ 13 ನಗರಗಳಿವೆ, ಹಳ್ಳಿಯವರಿಗೆ ಯಾಕೆ ಅನ್ನಬೇಡಿ. ಅಲ್ಲಿ ಬರೆದ ನಿಯಮವೇ ನಾಳೆ ಇಲ್ಲಿಗೂ ಬರೋದು.

ಧಾರವಾಡ, ಮೈಸೂರು, ಭದ್ರಾವತಿ, ಹಾಸನ, ಎಲ್ಲಾ ಕಡೆ ಆಕಾಶವಾಣಿ ಇದೆ. ಮುಂದಿನ ಸಲ ಅಭಿಪ್ರಾಯ ಕೇಳುವಾಗ ಕೃಷಿ ಕಾರ್ಯಕ್ರಮದ ಹೊತ್ತಿಗೆ ಎರಡು ನಿಮಿಷ ಕನ್ನಡದಲ್ಲಿ ಪ್ರಶ್ನೆ ಓದಲಿ, ಉತ್ತರ ಹೇಳೋಕೆ ಒಂದು ಫೋನ್ ನಂಬರ್ ಕೊಡಲಿ. ಅಂಚೆ ಕಾರ್ಡಿನಲ್ಲಿ ಬರೆದದ್ದನ್ನೂ ಲೆಕ್ಕಕ್ಕೆ ತಗೊಳ್ಳಲಿ. ಬರೋ ಗ್ರಾಮಸಭೆಯಲ್ಲಿ ಇಷ್ಟನ್ನೇ ಠರಾವು ಮಾಡಿಸಿ ಕಳಿಸೋಣ. ನಿಮ್ಮೂರಲ್ಲೂ ಮಾಡಿಸಿ.