ಕಾಯಿಲೆಗೆ ಕಾರ್ಡಿದೆ, ಕೂಲಿಗೆ ಏನಿದೆ?



ಕ್ಯಾನ್ಸರ್ ಬಂದವನು ಉಳಿಯುತ್ತಾನೋ ಇಲ್ಲವೋ ಅಂತ ಊರೆಲ್ಲಾ ಮಾತಾಡುತ್ತದೆ. ಅವನ ಮನೆಯ ಒಲೆ ಹೇಗೆ ಉರಿಯುತ್ತಿದೆ ಅಂತ ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ.

ಸರ್ಕಾರದ ಉತ್ತರ ರೆಡಿ ಇದೆ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯದೇ, ಬೇಡ ಅನ್ನೋರು ನಾವಲ್ಲ. ಆದರೆ ಆ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಮನೆಗೆ ಅದರಿಂದ ಒಂದು ಸೇರು ರಾಗಿಯೂ ಬರುವುದಿಲ್ಲ.

ಲೆಕ್ಕ ಹಾಕಿ. ಬಾಯಿ ಕ್ಯಾನ್ಸರಿಗೆ ಕರೆಂಟು ಕೊಡುವುದು ವಾರಕ್ಕೆ 5 ದಿನ, ಸಾಮಾನ್ಯವಾಗಿ 6-7 ವಾರ. ಯಾದಗಿರಿಯಿಂದ ಬೆಂಗಳೂರಿನ ಕಿದ್ವಾಯಿಗೆ ಬಂದ ಕೂಲಿಯವನು ಅಷ್ಟು ದಿನ ಊರು ಬಿಟ್ಟಿರಬೇಕು. ಒಬ್ಬನೇ ಇರೋಕಾಗಲ್ಲ, ಜೊತೆಗೆ ಹೆಂಡತಿಯೂ ಬರಬೇಕು. ವಾರಕ್ಕೆ 6 ದಿನದಂತೆ 7 ವಾರಕ್ಕೆ ಒಬ್ಬರದು 42, ಇಬ್ಬರದು 84 ದಿನದ ಕೂಲಿ ಹೋಯಿತು. ಇದು ಬರೀ ಕರೆಂಟಿನ ಲೆಕ್ಕ. ಆಪರೇಷನ್ನು, ಕೀಮೋ ಬೇರೆ. ಕ್ಯಾನ್ಸರ್ ರೋಗಿಯ ಜೊತೆ ಹೋಗುವವರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು. ರೈಲಿಗೆ ಕಂಡ ಆ ಎರಡನೇ ಜೀವ ಕೂಲಿಯ ಲೆಕ್ಕದಲ್ಲಿ ಯಾರಿಗೂ ಕಾಣುವುದಿಲ್ಲ.

ಇತ್ತ ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡಿರುತ್ತಾನೆ. ಕೆಲಸದಿಂದ ತೆಗೆದೆ ಅಂತ ಚೀಟಿ ಕೊಡಲ್ಲ. ಕೆಲಸ ಕೊಟ್ಟಾಗ ಎಲ್ಲಿ ಚೀಟಿ ಇತ್ತು? ರೋಗ ವಾಸಿಯಾದರೂ ಕೆಲಸ ವಾಪಸ್ಸು ಬರುವುದಿಲ್ಲ. ಸ್ತನದ ಆಪರೇಷನ್ ಆಗಿ ತೋಳು ಬಾತುಕೊಂಡ ತಾಯಿ ಮಂಕರಿ ಎತ್ತುವುದು ಹೇಗೆ? ನಾಲಿಗೆ ಕೊಯ್ಯಿಸಿಕೊಂಡವನು ಬೀದಿಯಲ್ಲಿ ಸೊಪ್ಪು ಕೂಗಿ ಮಾರುವುದು ಹೇಗೆ?

ಹಾಗಾದರೆ ಕಾಯಿಲೆ ಬಿದ್ದವರಿಗೆ ಸಂಬಳ ಕೊಡುವುದು ಆಗದ ಮಾತಾ? ಆಗುತ್ತದೆ. ಇಎಸ್‌ಐ ಇರುವ ಕಾರ್ಮಿಕನಿಗೆ ಕ್ಯಾನ್ಸರ್ ಬಂದರೆ, ಸೇವೆಯ ಷರತ್ತು ಪೂರೈಸಿದ್ದರೆ, ಸಂಬಳದ ಶೇಕಡಾ 80ರಷ್ಟು 2 ವರ್ಷದವರೆಗೆ ಸಿಗುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು. 1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗಲೇ ಇದರ ತಯಾರಿ ನಡೆಯಿತು, 1948ರಲ್ಲಿ ಕಾನೂನಾಯಿತು. ಆದರೆ ಗದ್ದೆಯಲ್ಲಿ ನಾಟಿ ಹಾಕುವವಳ, ಮನೆ ಮನೆಗೆ ಹೋಗಿ ಪಾತ್ರೆ ಉಜ್ಜುವವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಹೆಸರಿಲ್ಲ, ಆದ್ದರಿಂದ ಹಕ್ಕೂ ಇಲ್ಲ.

ಹಣೆಬರಹ ಅನ್ನುವವರಿಗೆ ಹೇಳಿ: ರೋಗ ಯಾರಿಗಾದರೂ ಬರಬಹುದು. ಸರ್ಕಾರಿ ನೌಕರನಿಗೆ ಬಂದರೆ ರಜೆ, ಕೂಲಿಯವಳಿಗೆ ಬಂದರೆ ಉಪವಾಸ. ಇದನ್ನು ಬರೆದವನು ಬ್ರಹ್ಮ ಅಲ್ಲ.

ಮನೆಯಲ್ಲಿ ಎರಡು ಕೂಲಿ ನಿಂತರೆ ಮೊದಲು ಮುಚ್ಚುವುದು ಮಕ್ಕಳ ಪುಸ್ತಕ. ನಿಮ್ಮ ಹಾಸ್ಟೆಲ್ಲಿನಲ್ಲಿ ಪಕ್ಕದ ಟ್ರಂಕು ಖಾಲಿಯಾಗಿದ್ದರೆ 'ಓದು ಹತ್ತಲಿಲ್ಲ, ಹೋದ' ಅನ್ನಬೇಡಿ. ಅವನ ಮನೆಗೆ ಹೋಗಿ ವಿಚಾರಿಸಿ. ನಿಮ್ಮೂರಿನ ಗುತ್ತಿಗೆ ಪೌರಕಾರ್ಮಿಕರಿಗೆ ಇಎಸ್‌ಐ ಕಟ್ಟಿದ್ದಾರಾ, ನಂಬರು ತೋರಿಸಿ ಅಂತ ಗುತ್ತಿಗೆದಾರನನ್ನು ಕೇಳಿ. ಅರ್ಜಿ ಬರೆಯಲು ಬಾರದವರಿಗೆ ನಿಮ್ಮ ಅಕ್ಷರ ಕೊಡಿ.

ನಮ್ಮ ಒತ್ತಾಯ ಒಂದೇ: ಚಿಕಿತ್ಸೆ ನಡೆಯುವಷ್ಟು ದಿನ ರೋಗಿಗೂ ಜೊತೆಗಿರುವವರಿಗೂ ಕನಿಷ್ಠ ಕೂಲಿ ಕೊಡಬೇಕು. ಔಷಧಿ ಕೊಟ್ಟು ಅನ್ನ ಕಿತ್ತುಕೊಂಡರೆ ಅದನ್ನು ಚಿಕಿತ್ಸೆ ಅಂತ ನಾವು ಒಪ್ಪುವುದಿಲ್ಲ.